ಶುಂಠಿ ಹೊಲಕ್ಕೆ ತಡೆಯುವ ಗಡಿಯಾರ

ನನಗೆ ಆಗ ಅರವತ್ತೆರಡು. ಅದಾಗಿ ಐದು ವರ್ಷವಾಯಿತು. ಅರವತ್ತೆರಡು ಎನ್ನುವುದು ಆಧಾರ್ ಕಾರ್ಡಿನ ಮಾತು. ಅದನ್ನು ಬರೆದುಕೊಂಡವನು ಹುಟ್ಟಿದ್ದು ಯಾವಾಗ ಎಂದು ಕೇಳಿದಾಗ, ನೀನೇ ನೋಡಿ ಹಾಕು ಅಂದಿದ್ದೆ. ದನದ ವ್ಯಾಪಾರಿಯ ಹಾಗೆ ಅವನು ನನ್ನ ಹಲ್ಲು ನೋಡಿ ಹಾಕಿರಬೇಕು. ಇರಲಿ. ಆ ವಯಸ್ಸಿನಲ್ಲಿ ನಾನು ಮೊದಲ ಸಲ ಕೈಗಡಿಯಾರ ಕೊಂಡೆ. ಹಬ್ಬಕ್ಕೋ ಮದುವೆಗೋ ಕಟ್ಟಿಕೊಳ್ಳುವ ಗಡಿಯಾರವಲ್ಲ. ದಿನವೂ ಕೆಸರಿಗೆ ಇಳಿಯುವ ಗಡಿಯಾರ.

ನಮ್ಮೂರು ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ರಸ್ತೆಯ ಮೇಲಿದೆ. ನಾನು ಹತ್ತು ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಕೂಲಿಗೆ ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ. ಯಾರ ಹೊಲ, ಏನು ಕೆಲಸ, ಎಷ್ಟು ಕೂಲಿ ಎಂದು ಮಾತಾಡುವವಳು ನಾನು. ನನಗೆ ಅಕ್ಷರ ಅರ್ಧಂಬರ್ಧ ಬರುತ್ತವೆ, ಅಂಕಿ ಪೂರ್ತಿ ಬರುತ್ತವೆ. ಉಳಿದವರಲ್ಲಿ ಕೆಲವರಿಗೆ ಅಂಕಿಯೂ ಬರುವುದಿಲ್ಲ, ಆದರೆ ಬಾಯಿ ಎಲ್ಲರಿಗೂ ಬರುತ್ತದೆ.

ಆ ವರ್ಷ ಒಬ್ಬ ಪಟೇಲನ ಶುಂಠಿ ಹೊಲ ಹಿಡಿದಿದ್ದೆವು. ಹಿಂದಿನ ದಿನ ಮಡಿಗೆ ನೀರು ಬಿಟ್ಟು ನೆನೆಸಬೇಕು, ಮಾರನೇ ದಿನ ಅಗೆದು ಶುಂಠಿ ಕೀಳಬೇಕು, ಮಣ್ಣು ಉದುರಿಸಬೇಕು, ಆಮೇಲೆ ಹೊಲದ ಮೂಲೆಯ ಹೌಜಿನಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಇಳಿದು ತೊಳೆಯಬೇಕು. ಮೊಣಕೈವರೆಗೆ ಕೆಸರು, ಸೊಂಟದವರೆಗೆ ನೀರು. ಬೆಳಿಗ್ಗೆ ಹತ್ತಕ್ಕೆ ಇಳಿಯುವುದು, ಸಂಜೆ ಐದಕ್ಕೆ ಏಳುವುದು ಎಂದು ಮಾತು. ಐದಕ್ಕೆ ಎದ್ದರೆ ರಸ್ತೆಯಲ್ಲಿ ನಾರಾಯಣಖೇಡದ ಬಸ್ಸು ಸಿಗುತ್ತದೆ. ತಡವಾದರೆ ಸಿಗುವುದಿಲ್ಲ, ಕಾಲೇ ಗತಿ.

ಪಟೇಲನದು ಒಂದು ಕಾಯಿದೆ ಇತ್ತು. ಹೊಲಕ್ಕೆ ಬಂದ ಕೂಡಲೇ ಎಲ್ಲರ ಫೋನು ಒಂದು ಚೀಲಕ್ಕೆ ಹಾಕಿ ಮೋಟರ್ ಖೋಲಿಯಲ್ಲಿ ತೂಗುಹಾಕಬೇಕು. ಫೋನು ಕೈಯಲ್ಲಿದ್ದರೆ ನಾವು ಮಾತಾಡುತ್ತೇವಂತೆ. ಫೋನು ಇಲ್ಲದಿದ್ದರೆ ನಾವು ಮಾತಾಡುವುದಿಲ್ಲ ಎಂದು ಅವನಿಗೆ ಯಾರು ಹೇಳಿದರೋ. ಹೊತ್ತು ನೋಡಲು ಅದೇ ಖೋಲಿಯ ಗೋಡೆಯ ಮೇಲೆ, ಕುಡಿಯುವ ನೀರಿನ ಕೊಡದ ಮೇಲ್ಗಡೆ, ಒಂದು ಗಡಿಯಾರ. ಆ ಗಡಿಯಾರ ಬೆಳಿಗ್ಗೆ ಸರಿಯಾಗಿ ಇರುತ್ತಿತ್ತು. ಸಂಜೆಗೆ ಅರ್ಧ ಗಂಟೆ ಹಿಂದೆ ಬೀಳುತ್ತಿತ್ತು. ಅದರಲ್ಲಿ ಐದಾಗಿ ನಾವು ಎದ್ದು ಚೀಲದಿಂದ ಫೋನು ತೆಗೆದರೆ, ಫೋನಿನಲ್ಲಿ ಐದೂವರೆ. ಅಷ್ಟೊತ್ತಿಗೆ ಬಸ್ಸು ಹೋಗಿ ಅದರ ಧೂಳೂ ಕೂತಿರುತ್ತಿತ್ತು.

ಕೇಳಿದರೆ ಪಟೇಲ ನಗುತ್ತಿದ್ದ.

"ಅದಕ್ಕೂ ವಯಸ್ಸಾಗೇದ ಮುದುಕಿ, ನಿನ್ನಂಗೇ. ಉಂಡ ಮ್ಯಾಲ ಜರಾ ನಿಧಾನ ನಡೀತದ."

ನನಗೇನು, ಮನೆಗೆ ಹೋದರೆ ಕಾಯುವ ಹಾಲಿಲ್ಲ, ಕೂಸಿಲ್ಲ. ನಡೆಯಲು ಕಾಲಿದೆ. ಆದರೆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳೊಬ್ಬಳು ಇದ್ದಳು. ಮೊಲೆ ಕುಡಿಯುವ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಮೂರು ಗಂಟೆಗೆ ಅವಳ ರವಿಕೆ ಹಸಿಯಾಗುತ್ತಿತ್ತು, ಐದಕ್ಕೆ ಸೆರಗೂ ಹಸಿ. ಬಸ್ಸು ತಪ್ಪಿದ ದಿನ ಅವಳು ಎದೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದಳು. ಅಲ್ಲಿ ಅವಳ ಅತ್ತೆ ಅಳುವ ಕೂಸಿಗೆ ಸಕ್ಕರೆ ನೀರು ಚೀಪಿಸುತ್ತ ಕೂತಿರುತ್ತಿದ್ದಳು. ಹಾಗೆ ನಡೆದ ಒಂದು ಸಂಜೆ ಅವಳು ನನಗೆ ಹೇಳಿದಳು: "ಆಯಿ, ನಾ ನಾಳಿಂದ ಬರಂಗಿಲ್ಲ. ಕೂಲಿ ಹೋದ್ರ ಹೋಗ್ಲಿ."

ಅವಳು ಬಿಟ್ಟರೆ ಅವಳ ಮನೆಯ ಒಲೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಗಂಡ ಕೆಲಸ ಮಾಡುವುದಕ್ಕಿಂತ ಹೆಚ್ಚು ಕೆಲಸ ಹುಡುಕುವವನು. ಮರುದಿನ ನಾನೇ ಅವಳನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಪಟೇಲನ ಎದುರು ನಿಂತೆ.

"ಪಟೇಲರ, ಇನ್ನ ಮ್ಯಾಲ ನಾವು ನಮ್ಮ ಗಡಿಯಾರ ನೋಡಿ ಏಳ್ತೀವ್ರಿ."

"ಎಲ್ಲದ ನಿಮ್ಮ ಗಡಿಯಾರ?"

"ತರ್ತೀನ್ರಿ. ಕೈಗಿ ಕಟ್ಕೊಂಡು ಬರ್ತೀನಿ."

ಪಟೇಲ ಹೊಟ್ಟೆ ಹಿಡಿದುಕೊಂಡು ನಕ್ಕ. ಶುಂಠಿ ಕೀಳುವ ಕೈಯಲ್ಲಿ ಗಡಿಯಾರ ಎರಡು ದಿನ ಬಾಳುವುದಿಲ್ಲ ಎಂದು ಅವನಿಗೆ ಗೊತ್ತು. ಅವನ ತಮ್ಮನದೇ ಒಂದು ಅದೇ ಹೌಜಿನಲ್ಲಿ ಸತ್ತಿತ್ತು.

"ಆತು. ತಾ. ಶುಂಠಿ ಮುಗಿಯೋತನಕ ಅದು ನಿಂದರದೇ ನಡದ್ರ, ಮುಂದ ನನ್ನ ಕಬ್ಬು ಕಡಿಯೋ ಕೆಲಸ ಮುಗಿಯೋತನಕ ನಿನ್ನ ಗಡಿಯಾರದ ಮಾತು ನಾ ಕೇಳ್ತೀನಿ. ನಡುವ ನಿಂತ್ರ, ನನ್ನ ಗ್ವಾಡಿ ಗಡಿಯಾರ ಏನು ಹೇಳ್ತದೋ ಅದೇ. ಕಬ್ಬು ಮುಗಿಯೋತನಕ ಒಬ್ಬಳೂ ಕಿಮಕ್ ಅನಬಾರ್ದು."

"ಆತ್ರಿ" ಅಂದೆ. ಹೆಂಗಸರು ನನ್ನ ಬೆನ್ನಿಗೆ ಚಿವುಟಿದರು. ಚಿವುಟಿದವರು ಯಾರೆಂದು ನೋಡಲಿಲ್ಲ, ನೋಡಿದ್ದರೆ ನಾನೂ ಚಿವುಟಬೇಕಾಗುತ್ತಿತ್ತು.

ಗಡಿಯಾರ ಯಾರು ಕಟ್ಟಿಕೊಳ್ಳಬೇಕು ಎಂಬ ಮಾತು ಏಳಲೇ ಇಲ್ಲ. ಎಲ್ಲರ ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಬಳೆಯ ನಡುವೆ ಗಡಿಯಾರ ಕಟ್ಟಿದರೆ ಒಂದೋ ಬಳೆ ಒಡೆಯುತ್ತವೆ, ಇಲ್ಲ ಗಡಿಯಾರದ ಗಾಜು ಹೋಗುತ್ತದೆ. ಬಳೆ ತೆಗೆದಿಡು ಎಂದು ಗಂಡ ಬದುಕಿರುವವಳಿಗೆ ಹೇಳುವಂತಿಲ್ಲ. ಗುಂಪಿನಲ್ಲಿ ಖಾಲಿ ಕೈ ನನ್ನದೊಂದೇ. ಗಂಡ ಸತ್ತ ದಿನ ಓಣಿಯ ಹೆಂಗಸರು ಸೇರಿ ನನ್ನ ಬಳೆ ಕಲ್ಲಿಗೆ ಬಡಿದು ಒಡೆದಿದ್ದರು. ಇಷ್ಟು ವರ್ಷ ಆ ಖಾಲಿ ಮುಂಗೈಯಿಂದ ಯಾರಿಗೂ ಏನೂ ಉಪಯೋಗ ಇರಲಿಲ್ಲ.

ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರು. ಒಂದು ಚಲೋ ಸೀರೆಯ ಬೆಲೆ ದಾಟಬಾರದು ಎಂದು ಗೆರೆ ಹಾಕಿಕೊಂಡು ನಾನು ಹೊರಟೆ.

ಮೊದಲು ಜಹೀರಾಬಾದ್. ಬಸ್ಸಿನಿಂದ ಇಳಿದು ಕಣ್ಣಿಗೆ ಬಿದ್ದ ಗಡಿಯಾರದ ಅಂಗಡಿಗೆ ಹೊಕ್ಕೆ. ಅಂಗಡಿಯವನು ನನ್ನ ಸೀರೆ ನೋಡಿ, ಕಾಲಿನ ಮಣ್ಣು ನೋಡಿ, ಆಮೇಲೆ ಮುಖ ನೋಡಿದ. ಹೆಂಗಸರ ಗಡಿಯಾರ ಎಂದು ಬಂಗಾರದ ಬಣ್ಣದ ಒಂದನ್ನು ಇಟ್ಟ. ತೊಗರಿ ಬೇಳೆಯಷ್ಟು ಮುಖ, ಅಂಕಿಯ ಜಾಗದಲ್ಲಿ ಹರಳು.

"ಇದರಾಗ ಐದು ಎಲ್ಲದ?"

"ಅಮ್ಮಾ, ಇದು ಫ್ಯಾಷನ್. ಟೈಮ್ ನೋಡಾಕಲ್ಲ."

"ನಾ ಟೈಮ್ ನೋಡಾಕೇ ಬಂದೀನಪ್ಪ."

ಆಮೇಲೆ ಗಂಡಸರದು ತೆಗೆದ. ಹಂಚಿನಷ್ಟು ಅಗಲ, ಕುಡುಗೋಲಿನಷ್ಟು ಭಾರ. ದೊಡ್ಡ ಗಡಿಯಾರದ ಹೊಟ್ಟೆಯಲ್ಲಿ ಮೂರು ಮರಿ ಗಡಿಯಾರ. ಅವು ಏನು ಹೇಳುತ್ತವೆ ಎಂದೆ. ಏನೂ ಹೇಳುವುದಿಲ್ಲ, ಅವು ಶೋಕಿಗೆ ಅಂದ. ನೀರಿಗೆ ತಡೆಯುತ್ತದೆಯೇ ಎಂದೆ.

"ಪೂರಾ ವಾಟರ್‌ಪ್ರೂಫ್ ಅಮ್ಮಾ! ಗ್ಯಾರಂಟಿ!"

ಅವನ ಕೌಂಟರಿನ ಮೇಲೆ ಅವನೇ ಅರ್ಧ ಕುಡಿದು ಬಿಟ್ಟ ನೀರಿನ ಗ್ಲಾಸು ಇತ್ತು. ಗಡಿಯಾರ ಅದರೊಳಗೆ ಬಿಟ್ಟೆ.

"ಅರೆ ಅರೆ ಅಮ್ಮಾ! ಏನ್ ಮಾಡ್ದಿ! ಅದು ಮಳಿ ಹನಿಗಿ ತಡೀತದ, ಮುಳಗಸಾಕಲ್ಲ!"

"ನೀ ಪೂರಾ ಅಂದಿ."

"ಪೂರಾ ಅಂದ್ರ ಅಷ್ಟು ಪೂರಾ ಅಲ್ಲ!"

ಅವನು ಕೈ ಹಾಕಿ ಎತ್ತುವಷ್ಟರಲ್ಲಿ ಗಾಜಿನ ಒಳಗೆ ಮಂಜು ಕೂತಿತ್ತು. ಹಿಂದೆ ನಿಂತಿದ್ದ ಗಿರಾಕಿ ನಗಲು ಶುರು ಮಾಡಿದ. ಅಂಗಡಿಯವನು ಅದನ್ನು ಅಂಗಿಗೆ ಒರೆಸಿ, ಊದಿ, ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಮುಂದಿನ ಸಾಲಿನಲ್ಲಿಟ್ಟ. ನಾನು ನಗುತ್ತಿದ್ದ ಗಿರಾಕಿಗೆ, "ಅದೊಂದು ತಗೋಬ್ಯಾಡಪ್ಪ, ಅದು ಜಳಕ ಮಾಡೇದ" ಎಂದು ಹೇಳಿ ಹೊರಗೆ ಬಂದೆ. ಅಂಗಡಿಯವನು ನನ್ನ ಹಿಂದೆ ಉರ್ದುವಿನಲ್ಲಿ ಏನೋ ಅಂದ. ನನಗೆ ಉರ್ದು ಬರುತ್ತದೆ, ಆದರೆ ಬರುವುದಿಲ್ಲ ಎನ್ನುವ ಹಾಗೆ ನಡೆದೆ.

ಆಗ ತಿಳಿಯಿತು, ಅಂಗಡಿಯಲ್ಲಿ ಗಡಿಯಾರ ನೋಡಿ ಕೊಳ್ಳಬಾರದು, ದುಡಿಯುವವರ ಮುಂಗೈ ನೋಡಿ ಕೊಳ್ಳಬೇಕು. ಅವತ್ತಿನಿಂದ ಕಂಡ ಕಂಡ ಗಂಡಸರ ಕೈ ಹಿಡಿಯಲು ಶುರುಮಾಡಿದೆ. ಅರವತ್ತೆರಡಕ್ಕೆ ಇದೊಂದು ಸುಖ, ಕೈ ಹಿಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಅವನ ಕೈ ಹಿಡಿದೆ. ಬೆಳ್ಳಗೆ ಹೊಳೆಯುವ ಚೈನು. ಟೈಮ್ ಎಷ್ಟು ಎಂದೆ.

"ಅದು ನಿಂತು ತಿಂಗಳಾತು ಯವ್ವ. ಕೈ ಬಿಡು, ಚೈನ್ ಕೂದಲ ಜಗ್ತದ."

"ಮತ್ತ ಬಸ್ಸು ಹ್ಯಾಂಗ ಬಿಡ್ತಿ?"

"ಡ್ರೈವರಿಗಿ ಕೇಳ್ತೀನಿ."

"ಅಂವಾ?"

"ಅಂವಾ ನನಗ ಕೇಳ್ತಾನ."

ಬಸ್ಸು ಯಾಕೆ ದಿನಕ್ಕೊಂದು ಹೊತ್ತಿಗೆ ಬರುತ್ತದೆ ಎನ್ನುವುದಕ್ಕೆ ಉತ್ತರ ಸಿಕ್ಕಿತು, ಗಡಿಯಾರ ಸಿಗಲಿಲ್ಲ.

ನಾರಾಯಣಖೇಡದ ಮಾರ್ಕೆಟ್ಟಿನಲ್ಲಿ ತೊಗರಿ, ಹೆಸರಿನ ಚೀಲ ಹೊರುವ ಹಮಾಲರು ನೆರಳಲ್ಲಿ ಕೂತಿದ್ದರು. ಒಬ್ಬನ ಕೈಯಲ್ಲಿ ಅಂಕಿ ಮಿನುಗುವ ಪ್ಲಾಸ್ಟಿಕ್ ಗಡಿಯಾರ. ಮುಳ್ಳಿಲ್ಲ, ಬರೀ ಅಂಕಿ. ಅಗ್ಗ, ಹಗುರ, ನೀರಿಗೂ ತಡೆಯುತ್ತದೆ ಅಂದ. ಪಟ್ಟಿ ಮಾತ್ರ ಬೆವರು ಹತ್ತಿ ಹತ್ತಿ ಸೀಳಿ, ಸುತಳಿಯಿಂದ ಕಟ್ಟಿದ್ದ. ನನಗೆ ಮನಸ್ಸಾಯಿತು. ಆಮೇಲೆ ನಮ್ಮ ಗುಂಪು ನೆನಪಾಯಿತು. ನಾನೊಬ್ಬಳೇ ಓದಿ ಹೇಳುವ ಗಡಿಯಾರ ತಂದರೆ, ಹೆಂಗಸರ ಪಾಲಿಗೆ ಪಟೇಲನ ಬದಲು ನಾನು ಪಟೇಲ ಆದೆ, ಅಷ್ಟೇ. ಅಂಕಿ ಬಾರದವಳಿಗೂ ದೂರದಿಂದ ಕಾಣಬೇಕು. ಮುಳ್ಳು ಬೇಕು. ಮುಳ್ಳು ಎಲ್ಲಿ ನಿಂತಿದೆ ಎಂದು ಯಾರು ಬೇಕಾದರೂ ನೋಡಬಹುದು.

ಹಮಾಲ ಕೇಳಿದ: "ಯಾರಿಗಿ ಆಯಿ, ಮೊಮ್ಮಗಗೇನು?"

"ನನಗ."

"ಈ ವಯಸ್ಸಿನಾಗ ಯಾರ ಭೇಟಿ ಅದ?"

"ಐದರ ಬಸ್ಸಿನದು" ಅಂದೆ. ಅವರೆಲ್ಲ ಚೀಲಕ್ಕೆ ಒರಗಿ ನಕ್ಕರು.

ತಾಂಡೂರಿನಲ್ಲಿ ನನ್ನ ಮಗಳಿದ್ದಾಳೆ. ಅಳಿಯ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದಾನೆ. ಭೂಮಿಯಿಂದ ಎತ್ತಿದ ಬಂಡೆಯನ್ನು ಕೊಯ್ದು ಹಾಸುಗಲ್ಲು ಮಾಡಿ ಉಜ್ಜುತ್ತಾರೆ. ಮೇಲಿಂದ ನೀರು ಬಿಡುತ್ತಲೇ ಇರಬೇಕು, ಕೆಳಗೆ ಹಾಲಿನಂಥ ಕಲ್ಲಿನ ಕೆಸರು ಹರಿಯುತ್ತಲೇ ಇರುತ್ತದೆ. ಶುಂಠಿ ಹೊಲಕ್ಕಿಂತ ಕೆಟ್ಟ ಜಾಗ ಯಾವುದಾದರೂ ಇದ್ದರೆ ಅದೇ ಎಂದು ಅಲ್ಲಿಗೆ ಹೋದೆ. ಅಳಿಯನ ಕೈ ಖಾಲಿ. ಅವನ ಪಕ್ಕದ ಮಷಿನಿನವನ ಕೈಯಲ್ಲಿ ಮಾತ್ರ ಒಂದು ಇತ್ತು.

ನಾನು ಹೋಗಿ ಕೈ ಹಿಡಿದೆ. ಅವನು ಗಾಬರಿಯಾಗಿ ಮಷಿನ್ ಬಂದ್ ಮಾಡಿದ. ಅಳಿಯ ದೂರದಿಂದಲೇ, "ನಮ್ಮ ಅತ್ತಿ ಆಕಿ, ಕೈ ಬಿಡ್ತಾಳ, ಹೆದರಬ್ಯಾಡ" ಎಂದು ಕೂಗಿದ.

ಕಪ್ಪು ಮುಖ, ಬಿಳಿ ಅಂಕಿ, ದಪ್ಪ ಮುಳ್ಳು. ಗಾಜಿನ ಮೇಲೆ ಗೀಚು, ಒಳಗೆ ಮಂಜಿಲ್ಲ. ಪಟ್ಟಿ ದಪ್ಪ ಬಟ್ಟೆಯದು, ಚೀಲ ಹೊಲಿಯುವ ಪಟ್ಟಿಯಂತೆ ಒಂದೇ ಉದ್ದ, ಗಡಿಯಾರದ ಹೊಟ್ಟೆಯ ಕೆಳಗಿಂದಲೇ ಹಾಯ್ದು ಬಂದಿತ್ತು.

"ಎಷ್ಟು ವರ್ಷ ಆತಪ್ಪ ಇದಕ್ಕ?"

"ನನ್ನ ಮದಿವಿಕಿಂತ ಮೊದಲಿಂದು ಅದ. ಹೆಂಡತಿ ಸಿಟ್ಟಿಗಿ ಎಷ್ಟು ಸಲ ತವರಿಗಿ ಹೋಗಿ ಬಂದಾಳೋ. ಇದು ಒಂದಿನ ನಿಂತಿಲ್ಲ."

ಅವನು ಎರಡು ಸಂಗತಿ ತೋರಿಸಿದ. ಒಂದು, ಮುಳ್ಳು ತಿರುಗಿಸುವ ಪಕ್ಕದ ಚಾವಿ. ಬರೀ ಒತ್ತಿದರೆ ಮುಚ್ಚುವ ಚಾವಿಯಲ್ಲ, ಬಾಟಲಿ ಮುಚ್ಚಳದಂತೆ ತಿರುವಿ ಬಿಗಿಯುವುದು. ನೀರು ಹೊಗುವುದು ಅಲ್ಲಿಂದಲೇ, ಅದಕ್ಕೇ ಅದು ಬಿಗಿ ಇರಬೇಕು. ಇನ್ನೊಂದು ಪಟ್ಟಿ. ಪಟ್ಟಿಯನ್ನು ಗಡಿಯಾರಕ್ಕೆ ಹಿಡಿಸುವ ಒಂದು ಪಕ್ಕದ ಕಡ್ಡಿ ಮುರಿದರೂ ಇನ್ನೊಂದು ಪಕ್ಕ ಹಿಡಿದುಕೊಂಡಿರುತ್ತದೆ, ಕೆಳಗೆ ಬೀಳುವುದಿಲ್ಲ.

ಅವನು ಹೇಳಿದ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋದೆ. ಒಬ್ಬನೇ ಕೂರುವಷ್ಟು ಜಾಗದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮುದುಕ ರಿಪೇರಿ ಮಾಡುತ್ತ ಕೂತಿದ್ದ. ಮಗಳು ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

"ಯವ್ವಾ, ಗಂಡಸರದು ಅದು. ನಾಳಿ ನಿನ್ನ ಕೈಯಾಗ ನೋಡಿದವ್ರು ಏನಂತಾರ?"

"ಟೈಮ್ ಎಷ್ಟು ಅಂತಾರ."

"ಅಪ್ಪ ಹೋದಮ್ಯಾಗ ಕೈಗಿ ಏನೂ ಹಾಕ್ಕೊಂಡಿಲ್ಲ ನೀ."

"ಬಳಿ ಹಾಕ್ಕೋಬ್ಯಾಡ ಅಂದ್ರು. ಗಡಿಯಾರದ್ದು ಯಾರೂ ಅಂದಿಲ್ಲ. ಅನ್ನೋ ಮೊದಲ ಕಟ್ಕೋತೀನಿ."

ಮುದುಕ ಅದೇ ಜಾತಿಯ ಗಡಿಯಾರ ತೆಗೆದಿಟ್ಟ. ಹೊರಗಿನ ಸುತ್ತಿನಲ್ಲಿ ಒಂದರಿಂದ ಹನ್ನೆರಡು. ಒಳಗಿನ ಸುತ್ತಿನಲ್ಲಿ ಸಣ್ಣದಾಗಿ ಹದಿಮೂರರಿಂದ ಇಪ್ಪತ್ತನಾಲ್ಕು.

"ಇವು ಯಾಕ?"

"ಮಿಲ್ಟ್ರಿಯವ್ರು ಹಂಗ ಎಣಸ್ತಾರ. ಸಂಜಿ ಐದಕ್ಕ ಹದಿನೇಳು ಅಂತಾರ."

"ಇವನ್ನ ಅಳಸಾಕ ಬರ್ತದೇನು? ನಮ್ಮ ಪಟೇಲ ನೋಡಿದ್ರ ಇಪ್ಪತ್ನಾಲ್ಕರ ತನಕ ದುಡಸ್ತಾನ."

ಮುದುಕ ಕಣ್ಣಿನ ಗಾಜು ತೆಗೆದು ಮೊದಲ ಸಲ ನನ್ನನ್ನು ನೋಡಿದ. ನೀರಿಗೆ ಹಾಕಿ ತೋರಿಸು ಅಂದೆ. ಅವನು ಚಾವಿ ಬಿಗಿದು ತಾನೇ ಗ್ಲಾಸಿನ ನೀರಿಗೆ ಬಿಟ್ಟು, ಮೂವರಿಗೂ ಚಹಾ ಹೇಳಿದ. ಚಹಾ ಕುಡಿದು ಮುಗಿದರೂ ಮುಳ್ಳು ನಡೆಯುತ್ತಿತ್ತು, ಗಾಜು ತಿಳಿಯಾಗಿತ್ತು. ಆಮೇಲೆ ನಾನು ಅದನ್ನು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟೆ. ಮಗಳು ಕಣ್ಣು ಮುಚ್ಚಿಕೊಂಡಳು.

"ಬಿಡು, ಬೇಕಂದ್ರ ಇನ್ನೊಮ್ಮಿ ಬಿಡು. ಹಾಸುಗಲ್ಲು ಒಡದ್ರ ಮಾತ್ರ ನೀನೇ ಹಾಕ್ಸಿಕೊಡಬೇಕು" ಅಂದ ಮುದುಕ.

ಬೆಲೆ ಸೀರೆಯ ಗೆರೆಯೊಳಗೇ ಇತ್ತು. ತಗೊಂಡೆ. ಕಟ್ಟಿಕೊಂಡು ಬಸ್ಸಿನಲ್ಲಿ ಕಿಟಕಿಗೆ ಕೈ ಇಟ್ಟು ಕೂತೆ. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಬೇಜಾರಾಯಿತು, ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಮನೆಗೆ ತಂದರೆ ಹೆಂಗಸರು ಸುಮ್ಮನಿರುತ್ತಾರೆಯೇ. ಹೊಸ ಕುಡುಗೋಲು ತಂದರೆ ಮಾಡುವ ಹಾಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅದರ ಮೇಲೇ ಕಾಯಿ ಒಡೆದರು. ಕಾಯಿಯ ನೀರೆಲ್ಲ ಗಡಿಯಾರಕ್ಕೇ ಆಯಿತು. ನಡೆಯುತ್ತಲೇ ಇತ್ತು. ಆ ಕೂಸಿನ ತಾಯಿ ತನ್ನ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಶೀಸೆ ತಂದು, ಗಾಜಿನ ಮೇಲೆ ಐದರ ಎದುರು ಒಂದು ಬೊಟ್ಟು ಇಟ್ಟಳು. ಸಣ್ಣ ಮುಳ್ಳು ಬೊಟ್ಟಿನ ಕೆಳಗೆ ಹೊಕ್ಕಿತೆಂದರೆ ಏಳುವುದು. ಅಂಕಿ ಬಾರದವರೂ ಈಗ ನನ್ನ ಕೈ ನೋಡಿದರೆ ಸಾಕು.

ಗಡಿಯಾರ ಕಟ್ಟಿಕೊಂಡು ಶುಂಠಿ ಹೊಲಕ್ಕೆ ಹೋದ ಮೊದಲ ದಿನವೇ ಪಟೇಲ ನನ್ನನ್ನು ಹೌಜಿಗೆ ಇಳಿಸಿದ. "ಮುದುಕಿ, ಅಗಿಯೋದು ನಿನಗ ಆಗಂಗಿಲ್ಲ, ನೀರಾಗ ನಿಂದ್ರು, ತಂಪಾಗಿರ್ತದ" ಅಂದ. ಇಷ್ಟು ವರ್ಷ ಇಲ್ಲದ ಕನಿಕರ. ನಾನು ಇಳಿದೆ. ಗಡಿಯಾರವೂ ಇಳಿಯಿತು.

ಬೆಳಿಗ್ಗೆ ನೀರು ಕುಡಿಯಲು ಹೋದಾಗ ಗೋಡೆಯ ಗಡಿಯಾರಕ್ಕೂ ನನ್ನದಕ್ಕೂ ತಾಳೆ ನೋಡಿದ್ದೆ, ಒಂದೇ ಇತ್ತು. ಬುತ್ತಿ ಬಿಚ್ಚುವ ಮೊದಲು ನೋಡಿದೆ, ಒಂದೇ. ಬೇವಿನ ಮರದ ಕೆಳಗೆ ರೊಟ್ಟಿ ತಿಂದು ಮತ್ತೆ ಹೋಗಿ ನೋಡಿದರೆ ಗೋಡೆಯದು ಅರ್ಧ ಗಂಟೆ ಹಿಂದೆ. ಅದು ನಿಧಾನ ನಡೆದದ್ದಲ್ಲ. ನಾವು ಉಣ್ಣುವಾಗ ಯಾರೋ ಹಿಂದಕ್ಕೆ ಕರೆದುಕೊಂಡು ಹೋಗಿದ್ದರು. ನಾವು ಉಣ್ಣುವಾಗ ಖೋಲಿಯಲ್ಲಿ ಡಬ್ಬಿ ಬಿಚ್ಚಿ ಉಣ್ಣುವವನು ಒಬ್ಬನೇ.

ಅವತ್ತು ಬೊಟ್ಟಿನ ಕೆಳಗೆ ಮುಳ್ಳು ಬಂದಾಗ ಎದ್ದೆವು. ಪಟೇಲ ಗೋಡೆಯ ಕಡೆ ಕೈ ತೋರಿಸಿದ. ನಾನು ನನ್ನ ಕೈ ತೋರಿಸಿದೆ. "ನಡೀಲಿ, ನಡೀಲಿ, ಶುಂಠಿ ಇನ್ನೂ ಭಾಳ ಅದ" ಅಂದ. ಬಸ್ಸು ಸಿಕ್ಕಿತು.

ಮರುದಿನ ಬುತ್ತಿಗೆ ನಾನು ಎರಡು ಹಸಿ ಮೆಣಸಿನಕಾಯಿ ಹೆಚ್ಚಿಗೆ ಕಟ್ಟಿದ್ದೆ, ಗಿಡ್ಡ ಜಾತಿಯವು, ರೊಟ್ಟಿಯ ಜೊತೆ ಕಚ್ಚಿದರೆ ಕಿವಿಯಲ್ಲಿ ಶಿಳ್ಳೆ ಬರುವಂಥವು. ಊಟಕ್ಕೆ ಮೊದಲು ನೀರಿನ ನೆಪದಲ್ಲಿ ಖೋಲಿಗೆ ಹೋದೆ. ಗೋಡೆಯ ಗಡಿಯಾರ ಇಳಿಸಿ, ಅದರ ಬೆನ್ನಿನ ಮೇಲೆ ಮುಳ್ಳು ತಿರುಗಿಸುವ ಸಣ್ಣ ಗಾಲಿ ಇರುತ್ತದಲ್ಲ, ಅದಕ್ಕೆ ಎರಡೂ ಮೆಣಸಿನಕಾಯಿ ಸೀಳಿ ಚೆನ್ನಾಗಿ ತಿಕ್ಕಿ, ಮತ್ತೆ ಮೊಳೆಗೆ ಹಾಕಿದೆ. ಕೈ ಕೆಸರಿಗೆ ಉಜ್ಜಿ ಹೌಜಿನಲ್ಲಿ ತೊಳೆದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೆಂಗಸರು ಮೊದಲೇ ನಕ್ಕು ಕೆಡಿಸುತ್ತಿದ್ದರು.

ಉಂಡೆವು. ಪಟೇಲನೂ ಉಂಡ. ಉಂಡು ಹೊರಗೆ ಬಂದು, ಒಡ್ಡಿನ ಆಚೆ, ಗಂಡಸರು ಉಂಡ ಮೇಲೆ ಹೋಗಿ ನಿಲ್ಲುವಲ್ಲಿ ಹೋಗಿ ನಿಂತ.

ಮೊದಲು ಏನೂ ಇಲ್ಲ. ಆಮೇಲೆ ಒಡ್ಡಿನ ಆಚೆ ಒಂದು ಸಣ್ಣ ಕುಣಿತ ಕಂಡಿತು. ತಲೆ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ಆಮೇಲೆ ಪಟೇಲ ಎರಡೂ ಕಾಲು ಅಗಲ ಹಾಕಿಕೊಂಡು, ಧೋತರ ಮುಂದಕ್ಕೆ ಹಿಡಿದುಕೊಂಡು ಓಡುತ್ತ ಬಂದ.

"ಏಳ್ರಿ! ಹೌಜಿನಿಂದ ಏಳ್ರಿ ಎಲ್ಲಾರೂ! ಆಚಿ ನಡೀರಿ!"

ನಾವು ಎದ್ದೆವು. ಅವನು ಧೋತರ ಸಮೇತ ಶುಂಠಿಯ ನೀರಿಗೆ ಇಳಿದು ಸೊಂಟದವರೆಗೆ ಕೂತುಬಿಟ್ಟ. ಶುಂಠಿ ತೊಳೆದ ನೀರು ತಂಪಲ್ಲ, ಅದಕ್ಕೂ ತನ್ನದೇ ಖಾರ ಇದೆ. ಅವನ ಮೀಸೆ ನಡುಗುತ್ತಿತ್ತು. ಬೆವರು ಒರೆಸಲು ಅದೇ ಕೈ ಕಣ್ಣಿಗೆ ಹೋಯಿತು. ಕಣ್ಣೂ ಹೋಯಿತು.

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರು. ನಾನು ಹೌಜಿನ ಅಂಚಿಗೆ ಹೋದೆ.

"ಏನಾತ್ರಿ ಪಟೇಲರ?"

"ಬಿಸಲು... ಬಿಸಲು ಭಾಳ ಅದ ಇವತ್ತ."

"ಹೌದ್ರಿ, ಭಾಳ ಅದ. ಗಡಿಯಾರ ಮುಟ್ಟಿದ ಕೈ ತೊಳಕೊಂಡು ಹೋಗಬೇಕ್ರಿ ಒಡ್ಡಿಗಿ."

ಅವನು ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಆ ಒಂದು ಕಣ್ಣು ಗಾಜಿನ ಮೇಲಿನ ಬೊಟ್ಟಿಗಿಂತ ಕೆಂಪಾಗಿತ್ತು. ನಾನೂ ನೋಡಿದೆ. ಏನಾದರೂ ಅಂದರೆ ಮುಟ್ಟಿದ್ದನ್ನು ಒಪ್ಪಿದಂತೆ. ನೀರಿನಲ್ಲಿ ಇನ್ನಷ್ಟು ಆಳಕ್ಕೆ ಕೂತ. ಅವತ್ತು ಶುಂಠಿ ತೊಳೆಯುವುದು ಅರ್ಧ ಗಂಟೆ ನಿಂತಿತು. ನಮ್ಮ ಒಂದು ಅರ್ಧ ಗಂಟೆ ಹೀಗೆ ವಾಪಸ್ಸು ಬಂತು.

ಅಂದಿನಿಂದ ಗೋಡೆಯ ಗಡಿಯಾರದ ಮುಪ್ಪು ವಾಸಿಯಾಯಿತು. ಬೆಳಿಗ್ಗೆ, ಸಂಜೆ ನನ್ನದರ ಜೊತೆ ಹೆಜ್ಜೆಗೆ ಹೆಜ್ಜೆ ನಡೆಯುತ್ತಿತ್ತು. ಪಟೇಲ ಅದನ್ನು ಮುಟ್ಟುವುದಿರಲಿ, ಅದರ ಕೆಳಗೆ ಕೂತು ಉಣ್ಣುವುದನ್ನೂ ಬಿಟ್ಟ. ಆದರೆ ಮಾತು ಮಾತೇ. ಶುಂಠಿ ಮುಗಿಯುವವರೆಗೆ ನನ್ನ ಗಡಿಯಾರ ನಿಲ್ಲಬಾರದು. ನಿಂತರೆ ಕಬ್ಬಿನ ಕಾಲವಿಡೀ ಗೋಡೆಯ ಗಡಿಯಾರ. ಅಷ್ಟರಲ್ಲಿ ಅವನು ಎಡಗೈಯಲ್ಲಿ ಮುಳ್ಳು ತಿರುಗಿಸಲು ಕಲಿತುಬಿಡುತ್ತಿದ್ದ.

ಕೊನೆಯ ದಿನ ಲಾರಿ ಬಂದು ನಿಂತಿತ್ತು. ಒದ್ದೆ ಶುಂಠಿಯ ಚೀಲ ಎಳೆಯುವಾಗ ಚೀಲದ ಕಿವಿ ಗಡಿಯಾರಕ್ಕೆ ಸಿಕ್ಕಿ ಟಕ್ ಎಂದಿತು. ನೋಡಿದರೆ ಒಂದು ಪಕ್ಕದ ಕಡ್ಡಿ ಹಾರಿ ಕೆಸರಿನಲ್ಲಿ ಎಲ್ಲೋ ಹೋಗಿತ್ತು. ಗಡಿಯಾರ ಬಟ್ಟೆಯ ಪಟ್ಟಿಗೆ ಒಂದೇ ಪಕ್ಕದಿಂದ ನೇತಾಡುತ್ತಿತ್ತು. ಕಿವಿಗೆ ಹಿಡಿದೆ. ನಡೆಯುತ್ತಿತ್ತು.

"ನಿಂತಿತೇನು?" ಎಂದು ಪಟೇಲ ಲಾರಿಯ ಮೇಲಿಂದಲೇ ಕೇಳಿದ. ದನಿಯಲ್ಲಿ ಹಬ್ಬವಿತ್ತು.

"ನಿಂತಿಲ್ರಿ. ಜೋಲಿ ಆಡಾಕತ್ತದ."

ಕೂಸಿನ ತಾಯಿ ಓಡಿ ಬಂದು, ತನ್ನ ತಾಳಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಕಡ್ಡಿಯ ಜಾಗದಲ್ಲಿ ತೂರಿಸಿ ಪಟ್ಟಿಗೆ ಹಾಕಿದಳು. ಅವಳ ರವಿಕೆ ಒದ್ದೆಯಾಗಿತ್ತು. "ಆಯಿ, ಇನ್ನ ಜರಾ ಹೊತ್ತು, ಬೊಟ್ಟಿನ ಬಾಜೂಕೇ ಅದ" ಅಂದಳು. ಉಳಿದ ಚೀಲಗಳನ್ನು ನಾನು ಬಲಗೈ ಒಂದರಲ್ಲೇ ಎಳೆದೆ. ಎಡಗೈಯನ್ನು ಕೂಸಿನ ಹಾಗೆ ಎದೆಗೆ ಹಿಡಿದುಕೊಂಡಿದ್ದೆ. ನೋಡಿದವರು ಕೈ ಮುರಿದಿದೆ ಅಂದುಕೊಳ್ಳಬೇಕು.

ಕೊನೆಯ ಚೀಲ ಲಾರಿಗೆ ಏರಿತು. ಮುಳ್ಳು ಬೊಟ್ಟಿನ ಕೆಳಗೆ ಹೊಕ್ಕಿತು. ಹೆಂಗಸರು ಯಾರೂ ಹೇಳದೆ ಎದ್ದರು.

ಪಟೇಲ ಇಳಿದು ಬಂದು ನನ್ನ ಕೈ ಹಿಡಿದು ನೋಡಿದ, ಆಮೇಲೆ ತನ್ನ ಫೋನು ನೋಡಿದ. ಎರಡೂ ಒಂದೇ.

"ಆತು ಮುದುಕಿ. ಮಾತು ಅಂದ್ರ ಮಾತು. ಕಬ್ಬು ಮುಗಿಯೋತನಕ ನಿನ್ನ ಗಡಿಯಾರ."

ಹೆಂಗಸರು ಹೋ ಎಂದರು. ಅವನು ಕೈ ಎತ್ತಿದ.

"ಸಂಜಿಗೊಂದೇ ಅಲ್ಲ. ಮುಂಜಾನಿಗಿನೂ ನಿನ್ನ ಗಡಿಯಾರನೇ. ಹತ್ತಂದ್ರ ಹತ್ತು. ನಾಳಿ ಕಬ್ಬಿನ ಒಡ್ಡಿನ ಮ್ಯಾಲ ನಾ ನಿಂತಿರ್ತೀನಿ."

ಹೋ ಎಂದ ಬಾಯಿ ಹಾಗೆಯೇ ನಿಂತವು. ಯಾಕೆಂದರೆ ಹತ್ತಕ್ಕೆ ಇಳಿಯುವುದು ಎಂಬ ಮಾತಿದ್ದರೂ ನಾವು ಯಾವತ್ತೂ ಹತ್ತಕ್ಕೆ ಬಂದವರಲ್ಲ. ಒಬ್ಬಳ ಎಮ್ಮೆ ಹಾಲು ಕೊಡಲಿಲ್ಲ, ಒಬ್ಬಳ ಗಂಡ ಏಳಲಿಲ್ಲ, ಒಬ್ಬಳ ತಲೆ ಬಾಚಿ ಮುಗಿಯಲಿಲ್ಲ ಎಂದು ಓಣಿಯ ಬಾಯಲ್ಲಿ ಒಬ್ಬರಿಗೊಬ್ಬರು ಕಾಯುತ್ತ ನಿಂತು, ಬರುವ ಹೊತ್ತಿಗೆ ಪಟೇಲನ ನೆರಳು ಗಿಡ್ಡವಾಗಿರುತ್ತಿತ್ತು. ಅವನು ಸಂಜೆ ಕದ್ದ ಅರ್ಧ ಗಂಟೆ ಎಲ್ಲರಿಗೂ ಕಂಡಿತ್ತು. ನಾವು ಬೆಳಿಗ್ಗೆ ಕದ್ದದ್ದನ್ನು ಯಾರೂ ಗಡಿಯಾರ ನೋಡಿ ಹೇಳಿರಲಿಲ್ಲ. ಈಗ ಹೇಳುವುದು ನನ್ನ ಕೈಯಲ್ಲೇ ಕೂತಿತ್ತು, ಹೆಂಗಸರ ದುಡ್ಡಿನಲ್ಲಿ.

ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಕೂಸಿನ ತಾಯಿ ಒಬ್ಬಳು ಕೂತಳು. ಊರು ಬಂದ ಕೂಡಲೇ ಅವಳು ಎಲ್ಲರಿಗಿಂತ ಮೊದಲು ಇಳಿದು, ಹಿಂದೆ ನೋಡದೆ ಮನೆಯ ಕಡೆ ಓಡಿದಳು.

ಮರುದಿನ ಬೆಳಿಗ್ಗೆ ನಾನು ಕತ್ತಲಿರುವಾಗಲೇ ಎದ್ದೆ. ಕತ್ತಲಲ್ಲಿ ಹೊಳೆಯುವ ಮುಳ್ಳು ನೋಡಿದೆ. ಚಹಾ ಕುಡಿದು, ಗಂಡನ ಹಳೆಯ ಕೋಲು ಹಿಡಿದು, ಓಣಿಯ ಆ ತುದಿಯಿಂದ ಶುರುಮಾಡಿ, ಗುಂಪಿನ ಒಬ್ಬೊಬ್ಬಳ ಬಾಗಿಲನ್ನೂ ಬಡಿಯುತ್ತ ಬಂದೆ. ಒಳಗಿಂದ ಬೈಗುಳ ಬರುತ್ತಿದ್ದವು, ಒಂದಕ್ಕಿಂತ ಒಂದು ಚಲೋ ಬೈಗುಳ. ನಿಂತು ಪೂರ್ತಿ ಕೇಳಿಸಿಕೊಂಡು, ಇನ್ನೊಮ್ಮೆ ಬಡಿದು, ಮುಂದಿನ ಬಾಗಿಲಿಗೆ ಹೋದೆ.